ಕೋಳಿಮಾವನ ನೋಟುಪುಸ್ತಕ

ನಮ್ಮ ಪಕ್ಕದ ಮನೆಯ ನಿವೃತ್ತ ಕಂಪೌಂಡರರನ್ನು ಬೀದಿಯವರೆಲ್ಲ ಕೋಳಿಮಾವ ಎಂದೇ ಕರೆಯುತ್ತಾರೆ. ಅವರ ಹಿತ್ತಿಲಿಗೆ ಕಾಲಿಡಬೇಕಾದರೆ ಬಾಗಿಲಲ್ಲಿಟ್ಟ ಬೋಗುಣಿಯ ಔಷಧಿ ನೀರಿನಲ್ಲಿ ಮೊದಲು ಚಪ್ಪಲಿ ಅದ್ದಬೇಕು; ಸಾಕ್ಷಾತ್ ಬೀಗರೇ ಬಂದರೂ ವಿನಾಯಿತಿಯಿಲ್ಲ. ಹೊಸದಾಗಿ ತಂದ ಕೋಳಿಗೆ ಮೂರು ವಾರ ಬೇರೆ ಬಿಡಾರ. ಗೂಡಿಗೆ ಇಲಿಯ ಮೂತಿಯೂ ತೂರದ ಜಾಲರಿ, ಮುಂಗುಸಿಗೆ ಹೆದರಿ ಎರಡು ಚಿಲಕ, ಆ ಚಿಲಕಗಳ ಮೇಲೂ ನಂಬಿಕೆ ಸಾಲದೆ ಒಂದು ಬೀಗ. ಬೆಳಗಾದರೆ ಕನ್ನಡಕ ಏರಿಸಿ ಹಿಕ್ಕೆ ಪರೀಕ್ಷಿಸುತ್ತಾರೆ, "ಕುಂಟಿಗೆ ಹೊಟ್ಟೆ ಸರಿಯಿಲ್ಲ!" ಎಂದು ಕಾಲೆಳೆಯುವ ಕೋಳಿಯ ಸುದ್ದಿಯನ್ನು ಬೀದಿಗೆಲ್ಲ ಕೇಳುವಂತೆ ಸಾರಿ, ಗೂಡಿನ ಮೊಳೆಗೆ ನೇತುಹಾಕಿದ ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಎರಡು ವಾರದಿಂದ ಕೆಮ್ಮುತ್ತಿರುವ ಅವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಶಾಲಾಮೇಷ್ಟ್ರಾದ ನನ್ನ ಹತ್ತಿರ ಗೊಣಗುತ್ತಾರೆ: "ನನಗೂ ಎರಡು ರೆಕ್ಕೆ ಇದ್ದಿದ್ರೆ ನನ್ನ ಕೆಮ್ಮೂ ಇವರ ಕಿವಿಗೆ ಬೀಳ್ತಿತ್ತು, ಮೇಷ್ಟ್ರೇ!" ಮಾವ ತಲೆ ಎತ್ತದೆ, "ಕುಂಟಿ ಮೊಟ್ಟೆನಾದ್ರೂ ಇಡ್ತಾಳೆ ಕಣೇ" ಎನ್ನುತ್ತಾರೆ. ನಿನ್ನೆ ಕುಂಟಿಯನ್ನು ಹಿಡಿಯಲು ಬಗ್ಗುವಾಗ ಆ ಪುಸ್ತಕವನ್ನು ನನ್ನ ಕೈಗಿತ್ತರು. ಬಿಳಿಯವಳಿಗೆ ಹೇನು, ಜುಟ್ಟಿನವಳು ಕಾಳು ಮುಟ್ಟಿಲ್ಲ ಎಂದೆಲ್ಲ ಓದುತ್ತ ಹೋದೆ. ಪ್ರತಿ ಪುಟದ ಕೊನೆಗೂ ಇನ್ನೊಂದು ಸಾಲಿತ್ತು: 'ಮನೆಯವಳು ಹನ್ನೊಂದು ಸಲ ಕೆಮ್ಮಿದಳು.' ಮರುದಿನ, 'ಮನೆಯವಳು ಒಂಬತ್ತು ಸಲ.' ಕಡೆಯದಾಗಿ ಬರೆದ ಪುಟದಲ್ಲಿ, 'ಮನೆಯವಳು ನಾಲ್ಕೇ ಸಲ. ಅರ್ಧ ತಟ್ಟೆ ಊಟ ಮಾಡಿದಳು.' ಅಷ್ಟರಲ್ಲಿ ಕಿಟಕಿಯಿಂದ ಆಕೆಯ ದನಿ ಬಂತು: "ಇವತ್ತು ಯಾವ ಕೋಳಿಗೆ ಏನಂತೆ, ಮೇಷ್ಟ್ರೇ?" ಮಾವ ಕುಂಟಿಯನ್ನು ಕಂಕುಳಲ್ಲಿ ಅವುಚಿಕೊಂಡು ನನ್ನನ್ನೇ ಗಾಬರಿಯಿಂದ ನೋಡಿದರು. ನಾನು ಪುಸ್ತಕ ಮುಚ್ಚಿ, "ಎಲ್ಲರೂ ಚೇತರಿಸ್ಕೊಳ್ತಿದ್ದಾರಂತಮ್ಮಾ" ಎಂದೆ.