ಬಾಯಿಲ್ಲದ್ದು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವನು ನನ್ನ ದೊಡ್ಡಪ್ಪ. ಬೆನ್ನ ಹಿಂದೆ ಆಡಿದ್ದಲ್ಲ. ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಊರಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ಮಂದಿಯ ಎದುರಿಗೇ ಆಡಿದ್ದ.

“ಕುರಿ ಕಾಯೋರ ಮನ್ಯಾಗ ಗಂಡಸರ ಹತ್ತನೇ ಇಯತ್ತೆ ದಾಟಿಲ್ಲ. ಈಕಿ ಡಿಗ್ರಿ ದಾಟ್ತಾಳಂತ! ಆಗೂ ಮಾತಲ್ಲ ಬಿಡ್ರಿ.”

ಮಂದಿ ನಕ್ಕರು. ನಾನು ಟ್ರಂಕು ಎತ್ತಿಕೊಂಡು ಮುಂಡರಗಿ ಬಸ್ಸು ಹತ್ತಿದೆ. ಅಲ್ಲಿಂದ ಗದಗ, ಹೆಣ್ಣುಮಕ್ಕಳ ಹಾಸ್ಟೆಲ್ಲು, ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಎಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗಲೂ ಇದನ್ನು ಎದೆಯೆತ್ತಿಯೇ ಹೇಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಸಿಕ್ಕದ್ದಲ್ಲ.

ಕೊನೆಯ ವರ್ಷದ ದೀಪಾವಳಿಗೆ ಊರಿಗೆ ಬಂದಾಗ, ಒಲೆಯ ಮುಂದೆ ಕೂತು ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದನ್ನು ಅವ್ವನಿಗೆ ಹೇಳುತ್ತಿದ್ದೆ. ಹೃದಯ ಹೇಗೆ ಆಮೇಲೂ ಮಿಡಿಯುತ್ತಿರುತ್ತದೆ ಅನ್ನುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ. ದೊಡ್ಡಪ್ಪನ ಮಕ್ಕಳು “ಕಪ್ಪಿ ಡಾಕ್ಟರಬಾಯಿ ಬಂದ್ಲಪೋ!” ಎಂದು ಕುಣಿದರು. ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಪ್ಪ ಮಾತ್ರ ನಗಲಿಲ್ಲ.

“ಕೊಯ್ದ ಮ್ಯಾಲ ಏನ್ ಮಾಡ್ತೀರಿ? ತಿಂತೀರೇನು?”

“ಇಲ್ಲ ದೊಡ್ಡಪ್ಪ. ಒಗೀತಾರ.”

“ಕೊಂದು ಒಗೀತೀರಿ,” ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಆ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ಅದು ತಿಳಿಯಬೇಕಾದರೆ ನಮ್ಮ ಕಡೆ ಕುರಿ ಕಾಯುವವರು ಹೆಸರು ಹಿಡಿದು ಕರೆಯದ ಒಂದು ಪ್ರಾಣಿಯ ಬಗ್ಗೆ ಹೇಳಬೇಕು. ಕರೆಯಲೇಬೇಕಾದಾಗ ‘ಬಾಯಿಲ್ಲದ್ದು’ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ತೋಳ ಬಂದರೆ ಕುರಿಯನ್ನು ಎಳೆದುಕೊಂಡು ಹೋಗುತ್ತದೆ. ಕಿರುಬ ಬಂದರೆ ಎಲುಬು ಸಹ ಬಿಡುವುದಿಲ್ಲ. ಇದು ಕೊಲ್ಲುತ್ತದೆ, ಕೊಂದದ್ದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಉಣ್ಣೆ ಕೆದರಿರುವುದಿಲ್ಲ, ನೆಲದ ಮೇಲೆ ರಕ್ತ ಇರುವುದಿಲ್ಲ. ತಿನ್ನಲು ಬಾಯಿಲ್ಲ, ಅದಕ್ಕೇ ಅದರ ಹಸಿವು ತೀರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಸಣ್ಣವಳಿದ್ದಾಗ ನನಗೆ ಹೆದರಿಕೆ ಹುಟ್ಟಿಸಿದ್ದು ಅದು ಕೊಲ್ಲುತ್ತದೆ ಅನ್ನುವುದಲ್ಲ. ಹಸಿವು ತೀರುವುದಿಲ್ಲ ಅನ್ನುವುದು.

ಅದು ಮುಟ್ಟಿದ ಕುರಿಯ ಚರ್ಮ ಸುಲಿಯುತ್ತಿರಲಿಲ್ಲ, ಮಾಂಸ ಅಡಿಗೆಗೆ ಬರುತ್ತಿರಲಿಲ್ಲ. ಹಗ್ಗ ಕಟ್ಟಿ ಗುಡ್ಡದ ಇಳಿಜಾರಿನ ವಾರೆಗೆ ಎಳೆದೊಯ್ದು, ಅಲ್ಲಿರುವ ಕಲ್ಲಿನ ಗುಂಪೆಯ ಹತ್ತಿರ ಮಲಗಿಸಿ, ಮೇಲೊಂದಿಷ್ಟು ಕಲ್ಲು ಹೇರಿ ಬರುವುದು. ಬರುವಾಗ ಹಿಂತಿರುಗಿ ನೋಡಕೂಡದು. ಮತ್ತೆ ಆ ಕಡೆ ಹೋಗಕೂಡದು. ದೊಡ್ಡಪ್ಪನ ಅಪ್ಪನ ಕಾಲಕ್ಕೂ ಹಾಗೇ, ಅವನ ಅಪ್ಪನ ಕಾಲಕ್ಕೂ ಹಾಗೇ.

ದೀಪಾವಳಿ ಮುಗಿಸಿ ನಾನು ಗದಗಿಗೆ ಹೋದ ಮೇಲೆ ನಮ್ಮ ಹಿಂಡಿನಲ್ಲಿ ಅದು ಶುರುವಾಯಿತು. ಮೊದಲು ಒಂದು ಮರಿ, ಆಮೇಲೆ ದೊಡ್ಡ ಕುರಿಗಳು. ಚಳಿ ಜೋರಾದಾಗ ಒಂದು ದಿನ ಅಪ್ಪ ಹಾಸ್ಟೆಲ್ಲಿನ ಗೇಟಿಗೆ ಬಂದು ನಿಂತಿದ್ದ. ನನ್ನ ಮುಖ ನೋಡದೆ, “ದೊಡ್ಡಪ್ಪ ಕರಕೊಂಡ ಬಾ ಅಂದಾನ. ಟ್ರಂಕು ಸೈತ,” ಅಂದ.

ಊರಿಗೆ ಬಂದ ಮರುದಿನ ಬೆಳಗಾಗುತ್ತಲೇ ಮತ್ತೊಂದು ಸತ್ತಿರುವ ಖಬರು ಬಂತು. ನಮ್ಮ ಹಿಂಡನ್ನು ಆಗ ಊರ ಹೊರಗಿನ ಒಂದು ಹೊಲದಲ್ಲಿ, ಗೊಬ್ಬರಕ್ಕೆಂದು, ಸುತ್ತ ಬಲೆ ಕಟ್ಟಿ ತರುಬಿದ್ದರು. ನಾನು ಓಡಿ ಹೋದೆ. ಆ ನೋಟ ನನಗೆ ಈಗಲೂ ಇದ್ದ ಹಾಗೇ ಕಾಣುತ್ತದೆ. ಅಷ್ಟೂ ಕುರಿಗಳು ಬಲೆಯ ಒಂದೇ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಒಂದೂ ಒದರುತ್ತಿರಲಿಲ್ಲ. ನಡುವೆ ಬಯಲಾದ ಜಾಗದಲ್ಲಿ ಒಂದು ಕುರಿ ನಿದ್ದೆ ಹೋದಂತೆ ಮಲಗಿತ್ತು. ಬಲೆ ಎಲ್ಲಿಯೂ ಹರಿದಿರಲಿಲ್ಲ. ನಮ್ಮ ನಾಯಿಗಳು ಎಂಥವೆಂದರೆ, ಕೊರಳಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡು ತೋಳಕ್ಕೆ ಎದುರು ಬೀಳುವಂಥವು. ಅವು ಮೂತಿಯನ್ನು ನೆಲಕ್ಕೆ ಹಚ್ಚಿ ಮಲಗಿದ್ದವು. ಕಣ್ಣು ತೆರೆದೇ ಇದ್ದವು.

“ಬೊಗಳಲಿಲ್ಲೇನು?” ಎಂದು ರಾತ್ರಿ ಹಿಂಡಿನ ಹತ್ತಿರ ಕಾವಲಿದ್ದ ಅಪ್ಪನನ್ನು ಕೇಳಿದೆ.

“ಒಂದ ಸಲನೂ ಇಲ್ಲ,” ಅಂದ.

ನಾನು ಸತ್ತ ಕುರಿಯ ಹತ್ತಿರ ಕೂತು ಕೊರಳಿನ ಉಣ್ಣೆ ಬಿಡಿಸಿ ನೋಡಿದೆ. ನನ್ನ ಹಿಂದೆಯೇ ಬಂದಿದ್ದ ಅವ್ವ ಚೀರಿ ನನ್ನ ರಟ್ಟೆ ಎಳೆಯುವುದರೊಳಗೆ ಕಂಡಿತ್ತು. ದಬ್ಬಣದಿಂದ ಚುಚ್ಚಿದಂಥ ತೂತುಗಳು, ಸುತ್ತ ಚರ್ಮದ ಕೆಳಗೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತ. ರಕ್ತ ಎಲ್ಲಿಯೂ ಹೋಗಿರಲಿಲ್ಲ, ಒಳಗೇ ಇತ್ತು. ಕೊರಳು ಹಿಡಿದು ಉಸಿರುಗಟ್ಟಿಸುವ ಪ್ರಾಣಿ ರಕ್ತವನ್ನು ಹೊರಗೆ ಚೆಲ್ಲಲೇಬೇಕೆಂದಿಲ್ಲ. ಇದನ್ನು ಹೇಳಬೇಕೆನ್ನುವಷ್ಟರಲ್ಲಿ ದೊಡ್ಡಪ್ಪ ಬಂದ.

“ಮುಟ್ಟಿದಿ? ಛಲೋ ಆತು. ನಿನ್ನದ ಐತಲ್ಲ ಅದು.”

“ನನ್ನದಂದ್ರ?”

“ನಾವು ಕೊಂದರ ತಿಂತೇವಿ. ತೋಳ ಕೊಂದರ ತಿಂತೈತಿ. ಕೊಂದು ಒಗಿಯೂದು ಎರಡ. ಒಂದು ಅದು, ಇನ್ನೊಂದು ನಿಮ್ಮ ಕಾಲೇಜು. ನೀ ಅದರ ಕೆಲಸ ಕಲ್ತಿ, ಅದು ನಿನ್ನ ಹಿಂದಿಂದ ಬಂತು. ಇನ್ನ ಗದಗ ಸಾಕು.”

ಅಪ್ಪ ನೆಲ ನೋಡುತ್ತಿದ್ದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಪರೀಕ್ಷೆಗೆ ಕೆಲವೇ ತಿಂಗಳಿದ್ದವು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ದೊಡ್ಡಪ್ಪಾ, ಅದಕ್ಕ ಬಾಯಿ ಇಲ್ಲಂತ ಯಾರ ನೋಡ್ಯಾರ? ಇದನ್ನ ಎಳಕೊಂಡ ಹೋಗಿ ಹಾಕು. ನಾಳಿ ನೀನ ನನ್ನ ಜೋಡಿ ಬಾ. ಕುರಿ ಹಾಂಗ ಇತ್ತಂದ್ರ ನಾ ಕಾಲೇಜ ಬಿಡ್ತೀನಿ. ಏನಾರ ತಿಂದಿದ್ರ ನನ್ನ ಗದಗಿಗೆ ಹೋಗಾಕ ಬಿಡು.”

“ಹೋಗಬಾರದು ಅಲ್ಲಿಗೆ.”

“ಅಂಜಿಕಿ ಆದ್ರ ಬ್ಯಾಡ ಬಿಡು.”

ಹೊಲದಲ್ಲಿ ನೆರೆದಿದ್ದ ಮಂದಿಯ ಎದುರಿಗೆ ಆಡಿದ್ದೆ. ಅವನು ಸುತ್ತ ನಿಂತವರನ್ನೊಮ್ಮೆ ನೋಡಿದ. “ಬರ್ತೀನಿ,” ಅಂದ.

ಮರುದಿನ ಬಿಸಿಲು ಏರಿದ ಮೇಲೆ ಇಬ್ಬರೂ ಹೊರಟೆವು. ಹಿರಿಯ ನಾಯಿ ಬೆನ್ನು ಹತ್ತಿತ್ತು. ಗುಡ್ಡದ ವಾರೆಗೆ ಬರುತ್ತಲೇ ಅದು ಕೂತುಬಿಟ್ಟಿತು. ಎಷ್ಟು ಕರೆದರೂ ಏಳಲಿಲ್ಲ. ದೊಡ್ಡಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. ಒಣಗಿದ ಹುಲ್ಲಿನಲ್ಲಿ ಗಾಳಿ ಸುಂಯ್ ಅನ್ನುತ್ತಿತ್ತು. ಒಂದು ಕಡೆ ಅವನೂ ನಿಂತ. “ಕುರಿ ಹಾಕಿ ಹೋದ ಮ್ಯಾಲ ಇಲ್ಲಿಂದ ಮುಂದ ನಾ ಎಂದೂ ಮತ್ತ ಬಂದು ನೋಡಿದ್ದಿಲ್ಲ. ನಮ್ಮಪ್ಪನೂ ನೋಡಿದ್ದಿಲ್ಲ,” ಅಂದ. ಆಮೇಲೆ ತಾನೇ ನನಗಿಂತ ಮುಂದೆ ನಡೆದ.

ಹೇರಿದ್ದ ಕಲ್ಲುಗಳು ಉರುಳಿಬಿದ್ದಿದ್ದವು. ಕುರಿ ಇರಲಿಲ್ಲ. ಉಣ್ಣೆಯ ಎಳೆಗಳು ಮುಳ್ಳಿನ ಕಂಟಿಗಳಿಗೆ ಸಿಕ್ಕಿ ಗಾಳಿಗೆ ಅಲುಗುತ್ತಿದ್ದವು. ಸುತ್ತಲೂ ಎಲುಬು, ಹೊಸವು, ಹಳೆಯವು, ಮುಟ್ಟಿದರೆ ಪುಡಿಯಾಗುವಂಥವು. ಯಾವುದೋ ಪ್ರಾಣಿ ದಪ್ಪ ಎಲುಬುಗಳನ್ನು ಕೂಡ ನಡುವೆ ಮುರಿದು ಒಳಗಿನದನ್ನು ತಿಂದಿತ್ತು. ಸುಣ್ಣದ ಉಂಡೆಯಂತೆ ಬೆಳ್ಳಗೆ ಒಣಗಿದ ಹಿಕ್ಕೆ ಬಿದ್ದಿತ್ತು. ಎಲುಬು ತಿನ್ನುವ ಕಿರುಬನ ಹಿಕ್ಕೆ ಹಾಗಿರುತ್ತದೆ ಎಂದು ನಾನು ಓದಿದ್ದೆ.

“ಬಾಯಿ ಐತಿ, ದೊಡ್ಡಪ್ಪ.”

ಅವನು ಒಂದು ಎಲುಬು ಎತ್ತಿಕೊಂಡು, ಹಲ್ಲು ಮೂಡಿದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ.

“ಮುತ್ಯಾಗೋಳ ಕಾಲದಿಂದ ನಾವ ಇದಕ್ಕ ಊಟಾ ಹಾಕೇವಿ,” ಅಂದ.

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆದರೆ ಕಲಿತ ವಿದ್ಯೆ ಸುಮ್ಮನಿರಲು ಬಿಡಲಿಲ್ಲ. “ತಿಂದದ್ದೂ ಕೊಂದದ್ದೂ ಒಂದ ಪ್ರಾಣಿ ಅಂತ ನಾ ಹೇಳಾಂಗಿಲ್ಲ. ಕೊಂದದ್ದು ತೋಳ ಇರಬಹುದು. ಬ್ಯಾರೆ ಏನಾರ ಇರಬಹುದು.”

“ನೀ ಪಣಾ ಕಟ್ಟಿದ್ದು ಬಾಯಿ ಐತಿ ಅಂತ. ಬಾಯಿ ಐತಿ. ಟ್ರಂಕು ತಗೊಂಡ ಹೋಗು.”

ಹೊರಳಿ ಇಳಿಯತೊಡಗಿದೆವು. ಸ್ವಲ್ಪ ದೂರ ಬಂದಿರಬೇಕು, ಹಿಂದೆ ಒಂದು ಕಲ್ಲು ಉರುಳಿತು. ಆಮೇಲೆ ಇನ್ನೊಂದು, ಯಾರೋ ಅವನ್ನು ತಿರುಗಿ ಹೇರುತ್ತಿರುವ ಹಾಗೆ. ದೊಡ್ಡಪ್ಪ ನನ್ನ ಮುಂಗೈ ಹಿಡಿದ.

“ತಿರಗಬ್ಯಾಡವ್ವ.”

ಹಾಡುಹಗಲು. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ತಿರುಗಲಿಲ್ಲ. ಕೆಳಗೆ ಕೂತಿದ್ದ ನಾಯಿ ನಮ್ಮನ್ನು ಬಿಟ್ಟು ನಮ್ಮ ಬೆನ್ನ ಹಿಂದಕ್ಕೆ ದೃಷ್ಟಿ ನೆಟ್ಟಿತ್ತು. ಅದು ಬಾಲ ಅಲ್ಲಾಡಿಸಲೂ ಇಲ್ಲ, ಬೊಗಳಲೂ ಇಲ್ಲ.

ಆಮೇಲೆ ಸತ್ತವನ್ನು ಆಳವಾಗಿ ಗುಂಡಿ ತೋಡಿ ಹುಗಿಯತೊಡಗಿದರು. ಮೊದಲ ಗುಂಡಿ ತೋಡಿದವನು ದೊಡ್ಡಪ್ಪನೇ. ಬರಬರುತ್ತ ಸಾಯುವುದು ನಿಂತಿತು. ಊಟ ತಪ್ಪಿದ್ದಕ್ಕೆ ಅದು ಬೇರೆ ಕಡೆ ಹೋಯಿತೋ, ಹಿಂಡು ಆ ಹೊಲ ಬಿಟ್ಟಿದ್ದಕ್ಕೋ, ಹೇಳಲಾರೆ. ನಾನು ಪರೀಕ್ಷೆ ಬರೆದೆ, ಪಾಸಾದೆ.

ಪದವಿ ಪತ್ರ ಕೈಗೆ ಬಂದದ್ದು ಮುಂದಿನ ಚಳಿಗಾಲದಲ್ಲಿ. ಹಿಂಡು ಆಗ ಶಿರಹಟ್ಟಿ ದಾಟಿ ಮಾಗಡಿ ಕಡೆಯ ಎರೆಹೊಲದಲ್ಲಿತ್ತು. ಮನೆಗೆ ಹೋಗದೆ ಗದಗಿನಿಂದ ನೇರವಾಗಿ ಅಲ್ಲಿಗೇ ಹೋದೆ. ಅಲ್ಲಿನ ಕೆರೆಗೆ ಬಂದಿದ್ದ ದೂರದೇಶದ ಹಕ್ಕಿಗಳು ಮೇಲೆ ಸಾಲುಗಟ್ಟಿ ಹಾರುತ್ತಿದ್ದವು. ಬಲೆಯ ಗೂಟ ಹುಗಿಯುತ್ತಿದ್ದ ದೊಡ್ಡಪ್ಪನ ಮುಂದೆ ನಿಂತು, “ಹಿಡಿ. ಆಗೂ ಮಾತಲ್ಲ ಅಂದಿದ್ದ್ಯಲ್ಲ, ಆಗೇತಿ,” ಎಂದು ಕೊಟ್ಟೆ.

ಅವನು ಕೈಯನ್ನು ಕಂಬಳಿಗೆ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡ. ಓದಲು ಬರುತ್ತಿರಲಿಲ್ಲ. ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತ ಕೆಳಗಿನ ತನಕ ಬಂದ. ಕಾಲ ಬುಡದಲ್ಲಿ ಹಿರಿಯ ನಾಯಿ ಮಲಗಿತ್ತು. ಅದನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದ:

“ನಾಯಿ ಯಾಕ ಬೊಗಳಲಿಲ್ಲ ಅಂತ ಇದರಾಗ ಎಲ್ಲೆರ ಬರದಾರೇನವ್ವ?”