ಕೆಮ್ಮಿಗೆ ಚಪ್ಪಾಳೆ, ಜಲಜಾಗೆ ಪಾಠ

ಚೆನ್ನೈನ ಎಗ್ಮೋರ್ ನಿಲ್ದಾಣದ ಹಿಂದಿನ ಗಲ್ಲಿಯ ಹೋಟೆಲಿನಲ್ಲಿ ಬೆಳಕು ಹರಿಯುವ ಮೊದಲೇ ಜಲಜಾ ಒಣಮೆಣಸು ಹುರಿಯುತ್ತಿದ್ದಾರೆ. ಘಾಟಿಗೆ ನನ್ನ ಕಣ್ಣಲ್ಲಿ ನೀರು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಣಲೆ ಕೆದಕುತ್ತಾ ಒಂದು ಹಾಡು ಗುನುಗುತ್ತಾರೆ. ಮದುವೆಮನೆ, ರಿಯಾಲಿಟಿ ಶೋ, ರಿಂಗ್‌ಟೋನು ಎಲ್ಲ ಕಡೆ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿರುವ ತಾಯಿ-ಮಗಳ ಸಿನಿಮಾ ಹಾಡು. ಕನ್ನಡದಲ್ಲಿ ಅದನ್ನು ಮೊದಲು ಹಾಡಿದವರು ಇವರೇ. ಅದು ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದರ್ದು ಯಾರಿಗೂ ಇಲ್ಲ.

ಜಲಜಾ ಕುಂದಾಪುರ ಕಡೆಯ ಅಡುಗೆಯವರ ಮಗಳು. ಕಂಠ ಪಳಗಿದ್ದು ಭಜನೆಯಲ್ಲಿ. ಮದುವೆಯಾಗಿ ಚೆನ್ನೈಗೆ ಬಂದ ಮೇಲೆ, ಹೋಟೆಲ್ ಕೆಲಸ ಮುಗಿಸಿ ಮಧ್ಯಾಹ್ನ ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುತ್ತಾರೆ. ತಮಿಳು ಚಿತ್ರ ಕನ್ನಡಕ್ಕೆ ಬರುವಾಗ, ಕನ್ನಡ ಬಾರದ ಹೆಸರಾಂತ ಗಾಯಕಿ ಕೇಳಿ ಕಲಿಯಲೆಂದು ಮೊದಲು ಇವರಿಂದ ಹಾಡಿಸುತ್ತಾರೆ. ಆಮೇಲೆ ಇವರ ದನಿ ಅಳಿಸಿ ಆಕೆಯ ದನಿ ಕೂರಿಸುತ್ತಾರೆ. ಅದಕ್ಕೆ ಜಲಜಾ ಅವರ ತಕರಾರಿಲ್ಲ. ಒಪ್ಪಿಕೊಂಡ ಕೆಲಸವೇ ಅದು.

ಆ ಹಾಡಿನ ದಿನವೂ ಬೆಳಿಗ್ಗೆಯಿಡೀ ಮೆಣಸು ಹುರಿದು ಹೋಗಿದ್ದರು. ಚರಣದ ನಡುವೆ ಕೆಮ್ಮು ಬಂತು. ನುಂಗಿಕೊಂಡರು, ಸಾಲು ಮಧ್ಯದಲ್ಲಿ ತುಂಡಾಯಿತು. ಇನ್ನೊಮ್ಮೆ ಹಾಡುತ್ತೇನೆ ಅಂದರೆ, ಟ್ರ್ಯಾಕ್ ತಾನೇ, ಸಾಕು ಬಿಡಿ ಅಂದರಂತೆ. ಗಾಯಕಿ ಆ ತುಂಡನ್ನೂ ಕಲಿತು ಹಾಡಿದರು. ಪತ್ರಿಕೆಗಳು ಅದನ್ನು ಕರುಳು ಹಿಂಡುವ ಬಿಕ್ಕು ಎಂದು ಹಾಡಿ ಹೊಗಳಿದವು. ಈಗ ಯೂಟ್ಯೂಬಿನಲ್ಲಿ ಕವರ್ ಹಾಡುವವರೆಲ್ಲ ಆ ಜಾಗ ಬಂದರೆ ಕಣ್ಣು ಮುಚ್ಚಿ ಬಿಕ್ಕುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಬೆಸೆಂಟ್ ನಗರದ ಕನ್ನಡ ಬಳಗವೊಂದು ರಾಜ್ಯೋತ್ಸವಕ್ಕೆ ಗಾಯಕರನ್ನು ಆರಿಸುವಾಗ ಜಲಜಾ ತಮ್ಮ ಮಗಳು ಅಶ್ವಿತಾಳ ಜೊತೆ ಹೋಗಿದ್ದರು. ಅಂದು ಕೆಮ್ಮು ಇರಲಿಲ್ಲ, ಅದೇ ಹಾಡಿನ ಆ ಸಾಲನ್ನು ಇಡಿಯಾಗಿ ಹಾಡಿದರು. ಬಳಗದ ಕಾರ್ಯದರ್ಶಿ ಕಮಲಾಕರ ನಡುವೆಯೇ ನಿಲ್ಲಿಸಿ, ಒಳ್ಳೆಯ ಕವರ್ ಅಂದರೆ ಮೂಲದ ಭಾವ ಬರಬೇಕು, ಬಿಕ್ಕೇ ಇಲ್ಲವಲ್ಲ, ಒರಿಜಿನಲ್ ಸರಿಯಾಗಿ ಕೇಳಿಕೊಂಡು ಬನ್ನಿ ಎಂದು ಬುದ್ಧಿ ಹೇಳಿದರು. ಅಶ್ವಿತಾ ತಡೆಯಲಾರದೆ ಎದ್ದು ನಿಂತಳು.

“ಅಂಕಲ್, ಒರಿಜಿನಲೇ ಎಂಗಮ್ಮದಾ.”

ಒರಿಜಿನಲ್ಲೇ ನಮ್ಮಮ್ಮ ಎಂದು ತಮಿಳಿನಲ್ಲಿ ಹೇಳಿದ ಆ ಹುಡುಗಿಯ ಮಾತಿಗೆ ಸಭೆ ನಕ್ಕಿತು. ತೋರಿಸಲು ಸಾಕ್ಷಿಯಿಲ್ಲ, ಟ್ರ್ಯಾಕ್ ಎಂದೋ ಅಳಿಸಿಹೋಗಿದೆ. ಸಮೂಹಗಾನದಲ್ಲಿ ಹಿಂದಿನ ಸಾಲಿಗೆ ಬನ್ನಿ ಎಂದರು ಕಮಲಾಕರ. ಜಲಜಾ ಚಪ್ಪಲಿ ಮೆಟ್ಟಿಕೊಂಡು ಹೊರಟರು.

“ಇನ್ನೊಬ್ರ ಹಾಡ್ ಹಾಡೂಕೆ ಅವರ ಕೆಮ್ಮೂ ಬೇಕಾ?” ಈಗ ಜಲಜಾ ಹುರಿದ ಮೆಣಸು ತಟ್ಟೆಗೆ ಸುರಿಯುತ್ತಾ ಕೇಳುತ್ತಾರೆ. “ಪದ ಅವರದ್ದ್ ಇರ್ಲಿ, ಉಸಿರು ನಮ್ಮದೇ ಬೇಕ್. ಇಲ್ದಿರೆ ಎಂತಕ್ಕೆ ಹಾಡೂದ್?”

ಇದನ್ನು ಕಮಲಾಕರರಿಗೆ ಹೇಳಬೇಕಿತ್ತು ಎಂದೆ. ಕೇಳುವ ಕಿವಿ ಇದ್ದರೆ ಹಾಡೇ ಸಾಕಿತ್ತು ಎಂದರು.

ಕಳೆದ ಭಾನುವಾರ ಅಶ್ವಿತಾ ಅಮ್ಮನ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದಾಳೆ. ಹಾಡಿನ ಹಕ್ಕು ಆಡಿಯೋ ಕಂಪನಿಯದು. ಹಾಗಾಗಿ ಜಲಜಾ ಹೆಸರಿನ ಪಕ್ಕದಲ್ಲಿ ‘ಕವರ್’ ಎಂದೇ ಬರೆಯಬೇಕಾಯಿತು. ಬೇಜಾರಾಗಲಿಲ್ಲವೇ ಎಂದೆ. ಅವರು ಒಲೆ ಆರಿಸಿದರು.

“ಕವರ್ ಅಂದೇ ಬರಿ ಅಂತ ನಾನೇ ಅಂದೆ. ನಾಳೆ ಯಾರಾರೂ ಕೇಂಡ್ ಕಲಿತ್ರಾದ್ರೆ, ಸರಿ ಇದ್ದದ್ದನ್ನ್ ಕಲೀಲಿ.”