ಭಾವನ ಕಿವಿ ಮತ್ತು ಏಳನೇ ನಂಬರಿನ ಗಾಡಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಂತ್ರಗಳ ಕಾಯಿಲೆಯನ್ನು ಕಿವಿಯಿಂದಲೇ ಹಿಡಿಯುವ ಮನುಷ್ಯ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ "ನಿಮ್ಮ ಫ್ರಿಜ್ಜಿಗೆ ಇನ್ನು ಎರಡು ತಿಂಗಳು" ಎಂದು ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದರು. ಫ್ರಿಜ್ಜು ಅವರ ಮಾತು ಮೀರುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಆವರಣದಲ್ಲಿ ರೋಗಿಗಳನ್ನು ಕಟ್ಟಡದಿಂದ ಕಟ್ಟಡಕ್ಕೆ ಸಾಗಿಸುವ ಬ್ಯಾಟರಿ ಗಾಡಿಗಳಿವೆಯಲ್ಲ, ಯಾವುದೋ ಗಾಲ್ಫ್ ಕ್ಲಬ್ಬಿನವರು ಓಡಿಸಿ ಬಿಟ್ಟವು, ಇಪ್ಪತ್ತೆಂಟು ವರ್ಷದಿಂದ ಅವನ್ನು ರಿಪೇರಿ ಮಾಡುವವರೂ ಓಡಿಸುವವರೂ ಅವರೇ. ಅಲ್ಲಿ ಅವರಿಗೆ ‘ಕಿವಿಯಣ್ಣ’ ಎಂದೇ ಹೆಸರು. ಮೀಟರ್ ಹಿಡಿದ ಮೆಕ್ಯಾನಿಕ್ಕುಗಳನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಒಂದು ವರ್ಷದಿಂದ ಅಕ್ಕನ ದನಿ ಏರುತ್ತಾ ಬಂದಿತ್ತು. ಮೂವತ್ತು ವರ್ಷದ ಸಂಸಾರ, ಏರದೆ ಇನ್ನೇನು ಎಂದು ನಾನು ಅದನ್ನು ಗಮನಕ್ಕೇ ತಂದುಕೊಂಡಿರಲಿಲ್ಲ. ನಾನು ಗಮನಿಸದ ಸಂಗತಿಗಳನ್ನೆಲ್ಲ ನನ್ನ ಹೆಂಡತಿ ಬೇಕಾದರೆ ವಾರಾನುಗಟ್ಟಲೆ ಹೇಳಿಯಾಳು.

ಆ ದಿನ ಬೆಳಿಗ್ಗೆ ಭಾವ ನಮ್ಮ ಮನೆಯಲ್ಲಿ ಮರೆತುಹೋದ ಕನ್ನಡಕವನ್ನು ಕೊಡಲೆಂದು ಆಸ್ಪತ್ರೆಯ ಅವರ ಶೆಡ್ಡಿಗೆ ಹೋದೆ. ಏಳನೇ ನಂಬರಿನ ಗಾಡಿ ಅಲ್ಲಾಡದೆ ನಿಂತಿತ್ತು. ಅದನ್ನು ಒಳಗೆ ತಳ್ಳಿ ತಂದಿದ್ದರು. ಅದರ ಬೆನ್ನಿಗೂ ಹಿಂದಿನ ಇಟ್ಟಿಗೆ ಗೋಡೆಗೂ ನಡುವೆ ಒಬ್ಬ ಮನುಷ್ಯ ಮಂಡಿಯೂರುವಷ್ಟೇ ಜಾಗ. ಮೇಲ್ವಿಚಾರಕಿ ಬಂದು, "ಕಿವಿಯಣ್ಣ, ಹನ್ನೊಂದಕ್ಕೆ ಸ್ಕ್ಯಾನಿಂಗಿಗೆ ಮೂರು ಜನ ಹೋಗ್ಬೇಕು" ಎಂದು ಹೇಳಿಹೋದರು. ಅದಕ್ಕೆ ಭಾವ "ಹೌದೌದು, ಬಿಸಿಲು ಜಾಸ್ತಿನೇ" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ.

"ಹಲ್ಲು ಕಿಸಿದಿದ್ದು ಸಾಕು, ಹತ್ತಿ ಕೂತ್ಕೋ. ಹೇಳ್ದಾಗ ಪೆಡಲ್ ಒತ್ತು, ಬೇರೆ ಏನೂ ಮುಟ್ಬೇಡ."

"ಭಾವ, ನಾನು ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೇ ಮನೇಲಿ ಎಲ್ಲ ದೂರ ನಿಲ್ತಾರೆ."



ಭಾವ ಕೀಲಿ ತಿರುಗಿಸಿ ಹಿಂದಿನ ಸೀಟು ಎತ್ತಿದರು. ಬ್ಯಾಟರಿಗಳ ಪಕ್ಕದಲ್ಲಿ ಮುಷ್ಟಿ ಗಾತ್ರದ ಒಂದು ಡಬ್ಬಿ. ಪೆಡಲ್ ಒತ್ತಿದರೆ ಅದು ಟಕ್ ಅನ್ನಬೇಕು. ಟಕ್ ಅಂದರೆ ಪೆಡಲ್ ಸರಿಯಿದೆ, ದೋಷವಿರುವುದು ಮೋಟಾರಿನ ಕಡೆ. ಅನ್ನದಿದ್ದರೆ ಪೆಡಲಿನ ಸ್ವಿಚ್ಚು ಕೆಟ್ಟಿದೆ. ಇದನ್ನು ಅವರೇ ಎಷ್ಟೋ ಸಲ ನನಗೆ ಪಾಠ ಮಾಡಿದ್ದರು.

"ಒತ್ತು."

ಒತ್ತಿದೆ. ಟಕ್.

"ಇನ್ನೊಂದ್ಸಲ."

ಟಕ್.

ಭಾವ ತಲೆಯಾಡಿಸಿದರು. "ಸದ್ದೇ ಇಲ್ಲ. ಸ್ವಿಚ್ ಹೋಗಿದೆ."

ನನ್ನ ಕಾಲು ಪೆಡಲಿನ ಮೇಲೇ ನಿಂತಿತು. ಇಪ್ಪತ್ತೆಂಟು ವರ್ಷದ ಕಿವಿಗೆ ಕೇಳಿಸದ್ದು ಗುಮಾಸ್ತನಾದ ನನ್ನ ಕಿವಿಗೆ ಕೇಳಿಸಿತೆ? ನಾನು ಕೇಳಿದ್ದು ಬೇರೆ ಯಾವುದೋ ಟಕ್ ಇರಬೇಕು ಎಂದುಕೊಂಡೆ. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವುದು ನನಗೆ ಯಾವತ್ತೂ ಸುಲಭ. ಆ ಅಭ್ಯಾಸಕ್ಕೆ ವಿನಯವೆಂದು ಹೆಸರಿಟ್ಟು ಹಾಯಾಗಿದ್ದೇನೆ.

ಕಿವಿ ಕೆಟ್ಟವರನ್ನು ಆ ಆಸ್ಪತ್ರೆಯಲ್ಲಿ ಗಾಡಿ ಓಡಿಸಲು ಬಿಡುವುದಿಲ್ಲ, ಗೇಟಿನ ಕೆಲಸಕ್ಕೆ ಹಾಕುತ್ತಾರೆ. ಗೇಟೆಂದರೆ ಭಾವನಿಗೆ ಶವಾಗಾರಕ್ಕಿಂತಲೂ ಕಡೆ.

ಪೆಡಲಿನ ಸ್ವಿಚ್ಚಿನ ಎರಡು ಕೊನೆಗಳಿಗೆ ಒಂದು ತುಂಡು ವೈರು ಸಿಕ್ಕಿಸಿದರು. ಈಗ ಪೆಡಲ್ ಒತ್ತುವುದೇ ಬೇಡ, ಗಾಡಿಯ ಮಟ್ಟಿಗೆ ಯಾರೋ ಒತ್ತಿಕೊಂಡೇ ಕೂತ ಹಾಗೆ. ಸಿಕ್ಕಿಸಿದ್ದೇ ತಡ, ಡಬ್ಬಿ ತಾನಾಗಿ ಟಕ್ ಅಂದಿತು. ಗಾಡಿ ಮಾತ್ರ ಅಲ್ಲಾಡಲಿಲ್ಲ. ಭಾವ ಗೊಣಗುತ್ತಾ ಹಿಂದೆ ಹೋದರು, ಗೋಡೆಗೂ ಗಾಡಿಗೂ ನಡುವೆ ಮಂಡಿಯೂರಿ ಮೋಟಾರಿನ ದಪ್ಪ ಕೇಬಲ್ಲಿಗೆ ಕೈಹಾಕಿದರು. ಚಕ್ರದಡಿ ಮರದ ತುಂಡು ಕೊಡದೆ ವೈರು ಮುಟ್ಟಬಾರದೆಂಬುದು ಅವರದೇ ಕಾನೂನು. ತುಂಡು ಮೂಲೆಯಲ್ಲಿ ಬಿದ್ದಿತ್ತು. ಗೇರು ರಿವರ್ಸಿನಲ್ಲಿತ್ತು.

"ಭಾವ!"

ಕೇಳಿಸಲಿಲ್ಲ.

"ಭಾವಾ, ಅದು ಟಕ್ ಅಂತಿದೆ!"

ಅವರು ಕೇಬಲ್ ಅಲುಗಾಡಿಸಿದರು. ಚಟಪಟ ಕಿಡಿ ಹಾರಿ, ಅಷ್ಟು ಹೊತ್ತು ಸತ್ತಂತಿದ್ದ ಗಾಡಿ ಒಮ್ಮೆಲೇ ಹಿಂದಕ್ಕೆ ನೆಗೆಯಿತು. ಬ್ರೇಕು ಯಾವುದು, ಪೆಡಲು ಯಾವುದು ಎಂದು ಯೋಚಿಸುವ ಶಕ್ತಿ ನನಗಿರಲಿಲ್ಲ. ಕೈಗೆ ಸಿಕ್ಕ ಕೀಲಿಯನ್ನು ತಿರುಗಿಸಿದೆ. ಗಾಡಿ ನಿಂತಿತು.

ಹಿಂದಿನಿಂದ ಏನೂ ಸದ್ದಿಲ್ಲ. ಇಳಿದು ನೋಡಲು ಧೈರ್ಯವಾಗದೆ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದೆ.

"ಯಾರು ಮುಟ್ಟು ಅಂದಿದ್ರು ನಿಂಗೆ?" ಎಂದರು ಭಾವ, ಗೋಡೆಗೆ ಒತ್ತಿಕೊಂಡೇ. ಎದೆಗೂ ಬಂಪರಿಗೂ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ಗಾಡಿಯನ್ನು ಮುಂದೆ ತಳ್ಳಿ ಅವರನ್ನು ಎಬ್ಬಿಸಿದೆ. ಮೊಣಕೈ ತರಚಿತ್ತು. ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು:

"ಟಕ್ ಅಂತಾ?"

"ಮೂರು ಸಲ."

ತರಚಿದ ಮೊಣಕೈಗೆ ಉಫ್ ಎಂದು ಊದಿಕೊಂಡರು. "ನಿಮ್ಮಕ್ಕಂಗೆ ಗೊತ್ತು. ಇನ್ನು ನಿಂಗೆ. ಇಲ್ಲಿಗೆ ಸಾಕು. ರಿಟೈರಾಗೋಕೆ ಇನ್ನೆರಡು ವರ್ಷ ಅಷ್ಟೇ ಅಲ್ವೇನೋ?"

ವೈರಿನ ತುಂಡು ಕಿತ್ತೆಸೆದು, ಕೇಬಲ್ಲಿನ ನಟ್ಟು ಬಿಗಿ ಮಾಡಿದರು. ಅಷ್ಟೇ ರಿಪೇರಿ. ಹನ್ನೊಂದಕ್ಕೆ ಐದು ನಿಮಿಷ ಇದೆಯೆನ್ನುವಾಗ ಮೂವರು ರೋಗಿಗಳು ಹತ್ತಿದರು. ಅದರಲ್ಲೊಬ್ಬ ಅಜ್ಜಿ ಭಾವನ ಭುಜ ತಟ್ಟಿ, "ನಿಧಾನ ಕಣಪ್ಪಾ" ಅಂದಳು. ಭಾವ ತಿರುಗದೆ ತಲೆಯಾಡಿಸಿದರು.

ಗಾಡಿ ಇಳಿಜಾರಿನಲ್ಲಿ ಹೊರಟಿತು. ಅದರ ಬೆನ್ನಿಗೇ ಆಕ್ಸಿಜನ್ ಸಿಲಿಂಡರ್ ತುಂಬಿದ ವ್ಯಾನೊಂದು ಬಂತು, ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಮೂವರು ರೋಗಿಗಳೂ ತಿರುಗಿ ನೋಡಿದರು. ಸ್ಟಿಯರಿಂಗ್ ಹಿಡಿದವರು ರಸ್ತೆಯ ನಟ್ಟನಡುವೆಯೇ ಹೋಗುತ್ತಿದ್ದರು. ವ್ಯಾನು ಕಿರ್ರೆಂದು ಬ್ರೇಕು ಹಾಕಿತು. ಅದೂ ಅವರಿಗೆ ಗೊತ್ತಾಗಲಿಲ್ಲ.

ಮೇಲ್ವಿಚಾರಕಿಯ ಕೋಣೆ ಎಡಕ್ಕೆ ಮೂರನೆಯದು. ಬಾಗಿಲಲ್ಲಿ ನನ್ನನ್ನು ಕಂಡು ಅವರು, "ಏನ್ರೀ, ಗಾಡಿ ಸರಿಯಾಯ್ತಾ?" ಎಂದರು.

"ಗಾಡಿ ಸರಿಯಾಗಿದೆ ಮೇಡಂ," ಎಂದು ನಾನು ಕುರ್ಚಿ ಎಳೆದುಕೊಂಡೆ.